ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕುಗ್ಗುವ ರೋಗನಿರೋಧಕ ಶಕ್ತಿ: ಗಡಿನಾಡಿನ ಮನೆಗಳಿಗೊಂದು ಮಾರ್ಗದರ್ಶಿ

ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರ ಮನೆಯವರು ಆಸ್ಪತ್ರೆಯಿಂದ ಹೊರಡುವಾಗ ತಪ್ಪದೆ ಕೇಳಿಸಿಕೊಳ್ಳುವ ಮಾತು ‘ಇವರಿಗೆ ಇಮ್ಯುನಿಟಿ ಕಡಿಮೆ, ಜಾಗ್ರತೆಯಾಗಿರಿ’ ಎಂಬುದು. ಯಾವುದರಿಂದ ಜಾಗ್ರತೆ, ಎಷ್ಟು ದಿನ ಜಾಗ್ರತೆ ಎಂಬ ವಿವರ ಆ ಮಾತಿನ ಹಿಂದೆ ಬರುವುದು ಕಡಿಮೆ. ಆದ್ದರಿಂದಲೇ ಒಂದು ಮನೆಯಲ್ಲಿ ರೋಗಿಯನ್ನು ವರ್ಷಗಟ್ಟಲೆ ಒಳಕೋಣೆಯಲ್ಲಿ ಕೂರಿಸಿ ಬರಿಯ ಗಂಜಿ ಕೊಡುತ್ತಾರೆ. ಇನ್ನೊಂದು ಮನೆಯಲ್ಲಿ ಕೀಮೋ ಆದ ಹತ್ತನೆಯ ದಿನ ರಾತ್ರಿ ಬಂದ ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯುತ್ತಾರೆ. ಮೊದಲನೆಯದು ಸುಮ್ಮನೆ ಕೊಡುವ ಶಿಕ್ಷೆ, ಎರಡನೆಯದು ಜೀವಕ್ಕೆ ಕುತ್ತು.

ಕಾಸರಗೋಡಿನ ಕನ್ನಡಿಗರಿಗೆ ಇದರ ಜೊತೆ ಇನ್ನೊಂದು ತೊಡಕಿದೆ. ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ, ಎಣ್ಮಕಜೆ ಕಡೆಯವರಲ್ಲಿ ಕೆಲವರು ಗಡಿ ದಾಟಿ ಮಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಾರೆ, ಕೆಲವರು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗುತ್ತಾರೆ, ಮತ್ತೆ ಕೆಲವರು ರಾಜ್ಯದ ಇನ್ನೊಂದು ತುದಿಯಲ್ಲಿರುವ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರೆಗೂ ಹೋಗುತ್ತಾರೆ. ಚಿಕಿತ್ಸೆ ನಡೆಯುವುದು ಅಲ್ಲಿ, ಜ್ವರ ಬರುವುದು ಮನೆಯಲ್ಲಿ. ಜ್ವರ ಬಂದ ರಾತ್ರಿ ಕೈಗೆ ಸಿಗುವ ವೈದ್ಯರಿಗೆ ರೋಗಿಯ ಹಿನ್ನೆಲೆ ಗೊತ್ತಿರುವುದಿಲ್ಲ. ಹೀಗಾಗಿ ರೋಗನಿರೋಧಕ ಶಕ್ತಿಯ ಯಾವ ಭಾಗ ಕುಗ್ಗಿದೆ, ಯಾವ ಔಷಧದಿಂದ ಕುಗ್ಗಿದೆ, ಎಲ್ಲಿಯವರೆಗೆ ಹಾಗಿರುತ್ತದೆ ಎಂಬ ಮೂರು ಸಂಗತಿಗಳನ್ನು ಮನೆಯವರೇ ತಿಳಿದುಕೊಂಡು ಬರೆದಿಟ್ಟುಕೊಳ್ಳಬೇಕು. ಮುಂದಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ ಇವೆ. ಇವು ನಿಮ್ಮ ವೈದ್ಯರ ಮಾತಿಗೆ ಬದಲಿಯಲ್ಲ. ಅವರನ್ನು ಏನು ಕೇಳಬೇಕು ಎಂಬುದಕ್ಕೆ ಸಿದ್ಧತೆ.

ಹೆಜ್ಜೆ 1: ಕುಗ್ಗಿರುವುದು ಯಾವುದು ಎಂದು ಕೇಳಿ ತಿಳಿಯಿರಿ

ರಕ್ತದ ಕ್ಯಾನ್ಸರ್ ಉಳಿದ ಕ್ಯಾನ್ಸರುಗಳಿಗಿಂತ ಬೇರೆಯಾಗುವುದು ಇಲ್ಲಿಯೇ. ರಕ್ತದ ಕ್ಯಾನ್ಸರಿನ ಮುಖ್ಯ ಬಗೆಗಳಾದ ಲ್ಯುಕೇಮಿಯ, ಲಿಂಫೋಮ, ಮೈಲೋಮ ಮೂರರಲ್ಲಿಯೂ ಕೆಡುವುದು ಸೋಂಕಿನ ವಿರುದ್ಧ ಹೋರಾಡಬೇಕಾದ ಕಣಗಳು ಅಥವಾ ಅವು ಹುಟ್ಟುವ ಅಸ್ಥಿಮಜ್ಜೆ. ಆದ್ದರಿಂದ ಚಿಕಿತ್ಸೆ ಶುರುವಾಗುವ ಮೊದಲೇ ರೋಗಿಯ ರಕ್ಷಣೆ ಸೊರಗಿರುತ್ತದೆ. ಬಿಳಿ ರಕ್ತಕಣಗಳ ಸಂಖ್ಯೆ ಲಕ್ಷ ದಾಟಿದ ಲ್ಯುಕೇಮಿಯ ರೋಗಿಗೆ ಸೋಂಕು ಹೇಗೆ ತಗಲುತ್ತದೆ ಎಂದು ಮನೆಯವರು ಆಶ್ಚರ್ಯಪಡುವುದುಂಟು; ಆ ಲಕ್ಷದಲ್ಲಿ ಕೆಲಸಕ್ಕೆ ಬರುವ ಕಣಗಳು ಬೆರಳೆಣಿಕೆಯಷ್ಟೇ ಇರಬಹುದು. ಅದರ ಮೇಲೆ ಕೊಡುವ ಔಷಧಗಳು ಕೆಟ್ಟ ಕಣಗಳ ಜೊತೆ ಒಳ್ಳೆಯವನ್ನೂ ತೆಗೆಯುತ್ತವೆ.

ವ್ಯವಹಾರಕ್ಕೆ ಬೇಕಾದಷ್ಟು ಮಟ್ಟಿಗೆ ಈ ರಕ್ಷಣೆಯನ್ನು ಮೂರು ಭಾಗ ಮಾಡಿಕೊಳ್ಳಬಹುದು. ಒಂದು, ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು. ಇವು ಬ್ಯಾಕ್ಟೀರಿಯ ಮತ್ತು ಕೆಲವು ಶಿಲೀಂಧ್ರಗಳ ವಿರುದ್ಧ ಮೊದಲು ಓಡಿ ಬರುವಂಥವು. ಹೆಚ್ಚಿನ ಕೀಮೋ ಔಷಧಗಳು ಇವನ್ನೇ ಬೀಳಿಸುತ್ತವೆ, ಇವು ಬಿದ್ದಾಗಲೇ ಗಂಟೆಗಳೊಳಗೆ ಪರಿಸ್ಥಿತಿ ಕೈಮೀರುವುದು. ಎರಡು, ಬಿ ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳು ಮತ್ತು ಅವುಗಳಿಂದ ಹುಟ್ಟುವ, ರೋಗಾಣುಗಳಿಗೆ ಅಂಟಿಕೊಂಡು ಅವನ್ನು ತಡೆಯುವ ಪ್ರತಿಕಾಯಗಳು. ರಿಟುಕ್ಸಿಮ್ಯಾಬ್ ಚುಚ್ಚುಮದ್ದು ಬಿ ಕಣಗಳನ್ನು ತೆಗೆದುಹಾಕುತ್ತದೆ, ಅವು ಮರಳಲು 6 ತಿಂಗಳಿಂದ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇಕಾಗುತ್ತದೆ. ಮೈಲೋಮದವರಲ್ಲಿಯೂ, ವಯಸ್ಸಾದವರಿಗೆ ಹೆಚ್ಚಾಗಿ ಬರುವ ಸಿಎಲ್‌ಎಲ್ ಎಂಬ ನಿಧಾನಗತಿಯ ಲ್ಯುಕೇಮಿಯದಲ್ಲಿಯೂ ಔಷಧವಿಲ್ಲದೆಯೇ ಪ್ರತಿಕಾಯಗಳು ತಗ್ಗಿರುತ್ತವೆ, ಅಂಥವರಿಗೆ ಕಫ, ಸೈನಸ್ ತೊಂದರೆ, ನ್ಯುಮೋನಿಯ ಮತ್ತೆ ಮತ್ತೆ ಬರುತ್ತವೆ. ಮೂರು, ಟಿ ಲಿಂಫೋಸೈಟುಗಳು. ಫ್ಲುಡರಾಬಿನ್, ಬೆಂಡಮಸ್ಟಿನ್, ತಿಂಗಳುಗಟ್ಟಲೆ ಕೊಡುವ ಸ್ಟೀರಾಯ್ಡ್, ಬೇರೆಯವರಿಂದ ಪಡೆದ ಅಸ್ಥಿಮಜ್ಜೆಯ ಕಸಿಯ ನಂತರ ಕೊಡುವ ಸೈಕ್ಲೋಸ್ಪೊರಿನ್ ಅಥವಾ ಟ್ಯಾಕ್ರೊಲಿಮಸ್ ಇವನ್ನು ಕುಗ್ಗಿಸುತ್ತವೆ. ಆಗ ಸರ್ಪಸುತ್ತು, ಕ್ಷಯ, ನ್ಯುಮೋಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕು ಇವುಗಳ ಭಯ.

ಕಸಿಯಾದವರ ವಿಷಯದಲ್ಲಿ ಒಂದು ಮಾತು ಹೆಚ್ಚಿಗೆ ಹೇಳಬೇಕು. ಕೀಮೋದಲ್ಲಿ ರೋಗನಿರೋಧಕ ಶಕ್ತಿ ಕುಗ್ಗುವುದು ಬೇಡದಿದ್ದರೂ ಆಗುವ ಪರಿಣಾಮ. ಕಸಿಯ ನಂತರ ಅದನ್ನು ಬೇಕೆಂದೇ ಕುಗ್ಗಿಸುತ್ತಾರೆ. ದಾನಿಯ ಕಣಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳನ್ನು ಪರಕೀಯವೆಂದು ತಿಳಿದು ಹೊಡೆಯದಿರಲಿ ಎಂಬುದು ಅದರ ಉದ್ದೇಶ. ಆದರೆ ಅದೇ ದಾನಿಯ ಕಣಗಳು ಉಳಿದಿರುವ ಕ್ಯಾನ್ಸರ್ ಕಣಗಳನ್ನೂ ಹೊಡೆಯಬೇಕಾಗಿರುವುದರಿಂದ ಎಷ್ಟು ಕುಗ್ಗಿಸಬೇಕು, ಯಾವಾಗ ಸಡಿಲಿಸಬೇಕು ಎಂಬುದು ನಾಜೂಕಿನ ಲೆಕ್ಕ. ಹಾಗೆ ಕುಗ್ಗಿಸಲು ಕೊಡುವ ಮಾತ್ರೆಯನ್ನು ಒಂದು ಹೊತ್ತು ಬಿಡುವುದಾಗಲಿ, ವಾಂತಿಯಾಯಿತೆಂದು ಎರಡು ನುಂಗುವುದಾಗಲಿ ಮನೆಯಲ್ಲಿ ತೀರ್ಮಾನಿಸುವ ವಿಷಯವಲ್ಲ.

ಇದಕ್ಕೆ ಎದುರಾಗಿ, ಸಿಎಂಎಲ್ ಎಂಬ ಲ್ಯುಕೇಮಿಯಕ್ಕೆ ದಿನವೂ ಇಮ್ಯಾಟಿನಿಬ್ ಮಾತ್ರೆ ನುಂಗುತ್ತ, ರಕ್ತದ ಎಣಿಕೆ ಸರಿಯಾಗಿಯೇ ಇರುವವರು ಹೆಚ್ಚುಕಡಿಮೆ ಎಲ್ಲರಂತೆ ಬದುಕಬಹುದು. ‘ಬ್ಲಡ್ ಕ್ಯಾನ್ಸರ್’ ಎಂಬ ಒಂದೇ ಹೆಸರು ಕೇಳಿ ಅಂಥವರನ್ನು ಮದುವೆ ಮುಂಜಿಗಳಿಂದ ದೂರ ಇಡುವುದಕ್ಕೆ ಅರ್ಥವಿಲ್ಲ.

ಹೆಜ್ಜೆ 2: ರಕ್ತಪರೀಕ್ಷೆಯ ವರದಿ ಓದಲು ಕಲಿಯಿರಿ

ವರದಿಯಲ್ಲಿ ಟೋಟಲ್ ಕೌಂಟ್ ಎಂದಿರುವುದು ಒಟ್ಟು ಬಿಳಿ ಕಣಗಳ ಸಂಖ್ಯೆ. ಅದರ ಕೆಳಗೆ ಡಿಫರೆನ್ಷಿಯಲ್ ಕೌಂಟ್ ಎಂದು ಶೇಕಡಾವಾರು ಕೊಟ್ಟಿರುತ್ತಾರೆ. ಒಟ್ಟು ಸಂಖ್ಯೆಯನ್ನು ನ್ಯೂಟ್ರೋಫಿಲಿನ ಶೇಕಡಾವಾರಿನಿಂದ ಗುಣಿಸಿ 100ರಿಂದ ಭಾಗಿಸಿದರೆ ಬರುವುದು ಎಎನ್‌ಸಿ, ಅಂದರೆ ನ್ಯೂಟ್ರೋಫಿಲ್‌ಗಳ ನಿಜವಾದ ಎಣಿಕೆ. ಒಟ್ಟು 2000 ಇದ್ದು ನ್ಯೂಟ್ರೋಫಿಲ್ ಶೇಕಡಾ 20 ಇದ್ದರೆ ಎಎನ್‌ಸಿ 400. ಅದೇ 2000ದಲ್ಲಿ ಶೇಕಡಾ 70 ಇದ್ದರೆ 1400. ಟೋಟಲ್ ಕೌಂಟ್ ಒಂದೇ ಆದರೂ ಈ ಇಬ್ಬರ ಸ್ಥಿತಿ ಅಜಗಜಾಂತರ. ಕೆಲವು ಪ್ರಯೋಗಾಲಯಗಳು 2000 ಎನ್ನುವ ಬದಲು 2.0 ಎಂದು ಬರೆದು ಪಕ್ಕದಲ್ಲಿ ಸಾವಿರದ ಗುರುತು ಹಾಕುತ್ತವೆ. ಅದನ್ನು ನೋಡಿ ಗಾಬರಿಯಾಗಬೇಕಾಗಿಲ್ಲ.

ಎಎನ್‌ಸಿ 1500ಕ್ಕಿಂತ ಮೇಲಿದ್ದರೆ ಸರಿ. 1000ಕ್ಕಿಂತ ಕೆಳಗಿಳಿದರೆ ಎಚ್ಚರ ಬೇಕು. 500ಕ್ಕಿಂತ ಕೆಳಗೆ ಹೋದರೆ ಅಪಾಯದ ವಲಯ, 100ಕ್ಕಿಂತ ಕೆಳಗೆ ತೀವ್ರ ಅಪಾಯ. ಸಾಮಾನ್ಯ ಕೀಮೋ ಸುತ್ತುಗಳಲ್ಲಿ ಎಣಿಕೆ ತಳ ಮುಟ್ಟುವುದು ಔಷಧ ಕೊಟ್ಟ 7ರಿಂದ 14 ದಿನಗಳ ನಡುವೆ. ಎಎಂಎಲ್ ಎಂಬ ತೀವ್ರ ಲ್ಯುಕೇಮಿಯದ ಮೊದಲ ಚಿಕಿತ್ಸೆಯಲ್ಲಿ ಎಣಿಕೆ ಮೂರು ನಾಲ್ಕು ವಾರ ಮೇಲೇಳದೆ ಇರಬಹುದು. ಪ್ರತಿ ಸುತ್ತಿನ ಮೊದಲ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿ, ತಳ ಮುಟ್ಟುವ ದಿನಗಳಿಗೆ ಕೆಂಪು ಗೆರೆ ಎಳೆದಿಟ್ಟರೆ ಆ ವಾರ ನೆಂಟರ ಮನೆಗೆ ಹೋಗುವ, ದೂರ ಪ್ರಯಾಣ ಮಾಡುವ ಯೋಜನೆಗಳು ತಾವಾಗಿಯೇ ತಪ್ಪುತ್ತವೆ.

ಮಕ್ಕಳ ಎಎಲ್‌ಎಲ್ ಲ್ಯುಕೇಮಿಯದ ವಿಷಯದಲ್ಲಿ ತಂದೆತಾಯಿಯರು ವಿಶೇಷವಾಗಿ ಗಮನಿಸಬೇಕಾದುದಿದೆ. ಮೊದಲ ತಿಂಗಳುಗಳ ಬಿರುಸಿನ ಚಿಕಿತ್ಸೆ ಮುಗಿದ ಮೇಲೆ ಸುಮಾರು ಎರಡು ವರ್ಷ ಕಾಲ ಮರ್ಕ್ಯಾಪ್ಟೊಪ್ಯೂರಿನ್ ದಿನಕ್ಕೊಮ್ಮೆಯೂ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯೂ ಕೊಡುತ್ತಾರೆ. ಈ ಹಂತದಲ್ಲಿ ಎಣಿಕೆಯನ್ನು ವೈದ್ಯರು ಬೇಕೆಂದೇ ಸ್ವಲ್ಪ ತಗ್ಗಿನಲ್ಲಿ ಇಡುತ್ತಾರೆ. ಔಷಧ ಸಾಕಷ್ಟು ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದು ಗುರುತು. ಮಗು ಆಟವಾಡಿಕೊಂಡಿದೆ, ಕೌಂಟ್ ಮಾತ್ರ ಕಡಿಮೆ ಇದೆ, ಸ್ವಲ್ಪ ದಿನ ಮಾತ್ರೆ ನಿಲ್ಲಿಸಿ ಶಕ್ತಿ ಬರಲಿ ಎಂದು ಮನೆಯಲ್ಲೇ ನಿರ್ಧರಿಸಿದರೆ ರೋಗ ಮರುಕಳಿಸುವ ಅಪಾಯ ಹೆಚ್ಚುತ್ತದೆ. ವಾರಕ್ಕೊಮ್ಮೆ ಕೊಡಬೇಕಾದ ಮೆಥೊಟ್ರೆಕ್ಸೇಟನ್ನು ತಪ್ಪಿ ದಿನವೂ ಕೊಡುವುದು ಇದಕ್ಕಿಂತ ಭೀಕರ. ಬಾಯಿಯೆಲ್ಲ ಹುಣ್ಣಾಗಿ ಮಜ್ಜೆ ಸ್ತಬ್ಧವಾಗಿ ಜೀವ ಹೋಗಬಹುದು. ಆ ಮಾತ್ರೆಯ ಡಬ್ಬಿಯ ಮೇಲೆ ‘ಮಂಗಳವಾರ ಮಾತ್ರ’ ಎಂದೋ ‘ಶುಕ್ರವಾರ ಮಾತ್ರ’ ಎಂದೋ ದಪ್ಪ ಅಕ್ಷರದಲ್ಲಿ ಬರೆದು, ಉಳಿದ ಮಾತ್ರೆಗಳಿಂದ ಬೇರೆ ಇಡಿ.

ಹೆಜ್ಜೆ 3: ಜ್ವರ ಬಂದರೆ ಏನು ಮಾಡಬೇಕೆಂದು ಜ್ವರ ಬರುವ ಮೊದಲೇ ನಿರ್ಧರಿಸಿ

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ನ್ಯೂಟ್ರೋಫಿಲ್ ಇಲ್ಲದ ದೇಹದಲ್ಲಿ ಸೋಂಕು ತನ್ನ ಗುರುತುಗಳನ್ನು ತೋರಿಸುವುದಿಲ್ಲ. ಕೀವಾಗಲು ನ್ಯೂಟ್ರೋಫಿಲ್ ಬೇಕು. ಅದಿಲ್ಲದೆ ಹುಣ್ಣು ಕೀವಾಗುವುದಿಲ್ಲ, ನ್ಯುಮೋನಿಯ ಇದ್ದರೂ ಎಕ್ಸ್‌ರೇಯಲ್ಲಿ ಮೊದಲ ದಿನ ಏನೂ ಕಾಣದಿರಬಹುದು. ಹೆಚ್ಚಾಗಿ ಬರುವ ಗುರುತು ಜ್ವರ ಒಂದೇ. ಬಾಯಿಯಲ್ಲಿ ಅಳೆದ ಉಷ್ಣತೆ ಒಂದು ಸಲಕ್ಕೇ 101 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅಥವಾ 100.4 ಡಿಗ್ರಿಯಷ್ಟು ಒಂದು ಗಂಟೆ ಕಾಲ ನಿಂತರೆ, ಅದು ತುರ್ತು. ಅನೇಕ ಆಸ್ಪತ್ರೆಗಳು 100.4 ಕಂಡ ಕೂಡಲೇ ಫೋನ್ ಮಾಡಿ ಎನ್ನುತ್ತವೆ. ಆಸ್ಪತ್ರೆ ದೂರವಿರುವ ಮುಳ್ಳೇರಿಯ, ಪೆರ್ಲ ಕಡೆಯವರಿಗೆ ಆ ಕಟ್ಟುನಿಟ್ಟೇ ಒಳ್ಳೆಯದು. ಜ್ವರವಿಲ್ಲದಿದ್ದರೂ ಮೈನಡುಕ, ಏದುಸಿರು, ಹೊಟ್ಟೆಯ ಬಲಭಾಗದಲ್ಲಿ ಕೆಳಗೆ ನೋವು, ಮಲದ್ವಾರದ ಬಳಿ ನೋವು, ಗೊಂದಲದ ಮಾತು, ಮೂತ್ರ ಕಡಿಮೆಯಾಗುವುದು ಇವೂ ಅಷ್ಟೇ ಗಂಭೀರ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಸೋಂಕು ಎಷ್ಟಿದ್ದರೂ ಮೈ ಬಿಸಿಯೇರದಿರಬಹುದು.

ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಎರಡು ಇರಲಿ, ಒಂದರ ಬ್ಯಾಟರಿ ಮುಗಿಯುವುದು ಸರಿಯಾಗಿ ಬೇಕಾದ ರಾತ್ರಿಯೇ. ಹಣೆ ಮುಟ್ಟಿ ನೋಡಿ ‘ಸ್ವಲ್ಪ ಬೆಚ್ಚಗಿದೆ’ ಎನ್ನುವುದರ ಮೇಲೆ ತೀರ್ಮಾನ ಬೇಡ. ಕಾಫಿ, ಗಂಜಿ ಕುಡಿದ ಕೂಡಲೇ ಬಾಯಿಯಲ್ಲಿ ಅಳೆಯಬೇಡಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಅಳೆಯಿರಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಲೇಬಾರದು. ಅಲ್ಲಿನ ಸಣ್ಣ ಗೀರೇ ಸೋಂಕಿಗೆ ದಾರಿಯಾಗುತ್ತದೆ. ಅಳೆದು, ಸಮಯ ಬರೆದು, ಆಸ್ಪತ್ರೆಗೆ ಫೋನ್ ಮಾಡಿದ ನಂತರವೇ ಪ್ಯಾರಾಸಿಟಮಾಲಿನ ವಿಚಾರ. ಮೊದಲೇ ಕೊಟ್ಟರೆ ಜ್ವರ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ, ನಡುವೆ ಅಮೂಲ್ಯವಾದ ಆರು ಗಂಟೆ ಕಳೆದುಹೋಗುತ್ತದೆ. ಐಬುಪ್ರೊಫೇನ್, ಡೈಕ್ಲೊಫೆನ್ಯಾಕ್, ಆಸ್ಪಿರಿನ್ ಬೇಡ. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಇವು ರಕ್ತಸ್ರಾವಕ್ಕೆ ಕಾರಣವಾಗುತ್ತವೆ. ಅದೇ ಕಾರಣಕ್ಕೆ ಊರಿನ ಕ್ಲಿನಿಕ್ಕಿನಲ್ಲಿ ಜ್ವರಕ್ಕೆಂದು ಸೊಂಟಕ್ಕೆ ಚುಚ್ಚಿಸಿಕೊಳ್ಳುವ ಇಂಜೆಕ್ಷನ್ನೂ ಬೇಡ.

ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಪ್ರಬಲ ಆಂಟಿಬಯೋಟಿಕ್ ಹೋಗಬೇಕು; ಸೆಫೆಪಿಮ್, ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್, ಮೆರೊಪೆನೆಮ್ ಇವುಗಳಲ್ಲಿ ಒಂದನ್ನು ಸಾಮಾನ್ಯವಾಗಿ ಆರಿಸುತ್ತಾರೆ. ಅದಕ್ಕೆ ಮೊದಲು ಬ್ಲಡ್ ಕಲ್ಚರಿಗೆ, ಅಂದರೆ ರಕ್ತದಲ್ಲಿ ಯಾವ ರೋಗಾಣು ಇದೆ ಎಂದು ಬೆಳೆಸಿ ನೋಡುವ ಪರೀಕ್ಷೆಗೆ, ರಕ್ತ ತೆಗೆಯಬೇಕು, ಆದರೆ ಕಲ್ಚರಿಗಾಗಿ ಔಷಧ ತಡವಾಗಬಾರದು. ಪ್ರಶ್ನೆ ಏಳುವುದು ಇಲ್ಲಿ: ಬದಿಯಡ್ಕದಿಂದ ಹೊರಟು ಮಂಗಳೂರಿನ ಆಸ್ಪತ್ರೆಯ ತುರ್ತು ವಿಭಾಗ ತಲುಪುವಷ್ಟರಲ್ಲಿ ಅಷ್ಟೇ ಹೊತ್ತು ದಾರಿಯಲ್ಲಿಯೇ ಕಳೆದಿರುತ್ತದೆ, ತಲಶ್ಶೇರಿಗಾದರೆ ಇನ್ನೂ ಹೆಚ್ಚು. ಆದ್ದರಿಂದ ಚಿಕಿತ್ಸೆ ನೀಡುವ ವೈದ್ಯರನ್ನು ಮೊದಲ ಭೇಟಿಯಲ್ಲಿಯೇ ಹೀಗೆ ಕೇಳಿ: ‘ಮನೆಯಲ್ಲಿ ಜ್ವರ ಬಂದರೆ ನೇರ ಇಲ್ಲಿಗೇ ಬರಬೇಕೆ, ಅಥವಾ ಹತ್ತಿರದ ಆಸ್ಪತ್ರೆಯಲ್ಲಿ ಕಲ್ಚರಿಗೆ ರಕ್ತ ಕೊಟ್ಟು ಆಂಟಿಬಯೋಟಿಕ್‌ನ ಮೊದಲ ಡೋಸ್ ಹಾಕಿಸಿಕೊಂಡು ಬರಬೇಕೆ? ಹತ್ತಿರದಲ್ಲಾದರೆ ಯಾವ ಔಷಧ ಎಂದು ಬರೆದುಕೊಡುತ್ತೀರಾ?’ ದಾರಿ ಒಂದು ಗಂಟೆಗಿಂತ ಹೆಚ್ಚಿದ್ದರೆ ಎರಡನೆಯದೇ ವಿವೇಕದ ದಾರಿ ಎಂಬುದು ನನ್ನ ಅಭಿಪ್ರಾಯ. ಆದರೆ ಹತ್ತಿರದ ಆಸ್ಪತ್ರೆಯಲ್ಲಿ ರಾತ್ರಿ ವೈದ್ಯರಿರುತ್ತಾರೆಯೇ, ಆ ಔಷಧ ಇರುತ್ತದೆಯೇ ಎಂದು ಹಗಲಿನಲ್ಲಿ ಹೋಗಿ ವಿಚಾರಿಸಿ ಬಂದಿರಬೇಕು. ಕಾಸರಗೋಡಿನ ಜನರಲ್ ಆಸ್ಪತ್ರೆ, ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ, ಇಲ್ಲವೇ ಹತ್ತಿರದ ಖಾಸಗಿ ಆಸ್ಪತ್ರೆ, ಯಾವುದಾದರೂ ಒಂದನ್ನು ಗೊತ್ತುಮಾಡಿಕೊಳ್ಳಿ.

ವಾಹನದ ಏರ್ಪಾಡೂ ಅಷ್ಟೇ ಮುಖ್ಯ. ರಾತ್ರಿ ಕರೆದರೆ ಬರುವ ಜೀಪು ಅಥವಾ ಕಾರಿನವರ ಎರಡು ನಂಬರುಗಳು, ಆಂಬುಲೆನ್ಸಿನ 108, ಕೇರಳ ಸರಕಾರದ ಆರೋಗ್ಯ ಸಹಾಯವಾಣಿ ದಿಶಾದ 1056, ಇವಿಷ್ಟು ಗೋಡೆಯ ಮೇಲಿರಲಿ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರನ್ನಷ್ಟೇ ನಂಬಿದ್ದ ಗಡಿಭಾಗದ ರೋಗಿಗಳು ಎಷ್ಟು ಕಷ್ಟಪಟ್ಟರೆಂಬುದು ಗೊತ್ತಿರುವುದೇ. ಗಡಿಯ ಈಚೆಗೂ ಒಂದು ಆಸ್ಪತ್ರೆಯ ಪರಿಚಯ ಇರಬೇಕೆನ್ನುವುದಕ್ಕೆ ಅದೊಂದೇ ಕಾರಣ ಸಾಕು.

ಮಳೆಗಾಲದಲ್ಲಿ ನಮ್ಮ ಕಡೆ ಡೆಂಗಿ, ಇಲಿಜ್ವರ, ಮಲೇರಿಯ ಎಲ್ಲವೂ ಓಡಾಡುತ್ತಿರುತ್ತವೆ. ‘ಊರಲ್ಲೆಲ್ಲ ಇದೇ ಜ್ವರ’ ಎಂಬ ಸಮಾಧಾನದ ಮಾತನ್ನು ಕೀಮೋ ರೋಗಿಗೆ ಅನ್ವಯಿಸಬಾರದು. ಅದು ಡೆಂಗಿಯೇ ಆಗಿರಬಹುದು. ಆಗಲೂ ಎಣಿಕೆ ಪರೀಕ್ಷೆ ಮತ್ತು ಆಂಟಿಬಯೋಟಿಕ್ ಮೊದಲು, ಉಳಿದ ಹುಡುಕಾಟ ಆಮೇಲೆ.

ಹೆಜ್ಜೆ 4: ಒಂದು ಹಾಳೆ ಬರೆದಿಡಿ

ದಪ್ಪ ಫೈಲಿನಲ್ಲಿ ಎಲ್ಲವೂ ಇರುತ್ತದೆ, ಬೇಕಾದುದು ಬೇಕಾದಾಗ ಸಿಗುವುದಿಲ್ಲ. ಒಂದೇ ಹಾಳೆಯ ಮೇಲೆ ರೋಗಿಯ ಹೆಸರು, ವಯಸ್ಸು, ರಕ್ತದ ಗುಂಪು, ರೋಗದ ಪೂರ್ಣ ಹೆಸರು, ಕೊನೆಯ ಕೀಮೋದ ತಾರೀಕು ಮತ್ತು ಔಷಧಗಳು, ಕೊನೆಯ ಎಎನ್‌ಸಿ ಮತ್ತು ಪ್ಲೇಟ್‌ಲೆಟ್ ಎಣಿಕೆ, ಅಲರ್ಜಿ, ಔಷಧ ಕೊಡಲು ರಕ್ತನಾಳದಲ್ಲಿ ಇಟ್ಟಿರುವ ಕೊಳವೆ (ಪಿಕ್ ಲೈನ್ ಅಥವಾ ಪೋರ್ಟ್) ಇದೆಯೇ ಎಂಬುದು, ಚಿಕಿತ್ಸೆ ನೀಡುವ ವಿಭಾಗದ ಫೋನ್ ನಂಬರ್ ಬರೆದಿಡಿ. ಎಲ್ಲಕ್ಕಿಂತ ಮೇಲೆ ಒಂದು ಸಾಲು ಇರಲಿ: ‘ಇವರಿಗೆ ರಕ್ತದ ಕ್ಯಾನ್ಸರಿಗೆ ಕೀಮೋ ನಡೆಯುತ್ತಿದೆ; ಜ್ವರವಿದ್ದರೆ ನ್ಯೂಟ್ರೋಫಿಲ್ ಕೊರತೆಯ ಜ್ವರವೆಂದೇ ತಿಳಿದು ತಕ್ಷಣ ಆಂಟಿಬಯೋಟಿಕ್ ಕೊಡಬೇಕು.’ ಈ ಸಾಲನ್ನು ಇಂಗ್ಲಿಷಿನಲ್ಲಿ ಚಿಕಿತ್ಸೆಯ ವೈದ್ಯರಿಂದಲೇ ಬರೆಯಿಸಿ ಸಹಿ, ಮೊಹರು ಹಾಕಿಸಿಕೊಳ್ಳಿ. ಮಲಯಾಳಂ ಓದುಬರಹ ಬಲ್ಲ ಮನೆಯ ಹುಡುಗರಿಂದ ಅದನ್ನೇ ಮಲಯಾಳಂನಲ್ಲಿಯೂ ಬರೆಯಿಸಿಡಿ. ಆಂಬುಲೆನ್ಸಿನವರು, ಕೌಂಟರಿನಲ್ಲಿ ಕುಳಿತವರು, ರಾತ್ರಿಪಾಳಿಯ ನರ್ಸ್ ಅದನ್ನು ಕಣ್ಣು ಹಾಯಿಸಿದೊಡನೆ ಓದುತ್ತಾರೆ. ಕನ್ನಡದ ಪ್ರತಿ ಮನೆಯವರಿಗೆ, ಏಕೆಂದರೆ ಆ ರಾತ್ರಿ ಮನೆಯಲ್ಲಿರುವವರು ಅಜ್ಜಿ ಒಬ್ಬರೇ ಆಗಿರಬಹುದು. ಹಾಳೆಯ ಫೋಟೋ ಎರಡು ಮೊಬೈಲುಗಳಲ್ಲಿರಲಿ.

ಖರ್ಚಿನ ಮಾತು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಮಂಗಳೂರಿನಲ್ಲಿ ಚಿಕಿತ್ಸೆ ಪಡೆಯುವವರು ತಮ್ಮ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ವಿಮೆಯ ಕೌಂಟರಿನಲ್ಲಿ ಕೇಳಿಕೊಳ್ಳಬೇಕು. ಜ್ವರದ ರಾತ್ರಿ ಕೇಳುವ ಪ್ರಶ್ನೆ ಅದಲ್ಲ.

ಹೆಜ್ಜೆ 5: ಮುಂಜಾಗ್ರತೆಯ ಮಾತ್ರೆಗಳನ್ನು ಬಿಡಬೇಡಿ

ರೋಗಿ ನುಂಗುವ ಮಾತ್ರೆಗಳಲ್ಲಿ ಕೆಲವು ಕ್ಯಾನ್ಸರಿಗಲ್ಲ, ಇನ್ನೂ ಬಾರದಿರುವ ಸೋಂಕಿಗೆ. ಕಾಣುವ ಕಾಯಿಲೆ ಇಲ್ಲದಿರುವುದರಿಂದ ಜನ ಮೊದಲು ನಿಲ್ಲಿಸುವುದೂ ಅವನ್ನೇ. ಕೋಟ್ರೈಮಾಕ್ಸಜೋಲ್ ನ್ಯುಮೋಸಿಸ್ಟಿಸ್ ತಡೆಗೆ. ಇದನ್ನು ಸಾಮಾನ್ಯವಾಗಿ ವಾರದಲ್ಲಿ ಕೆಲವೇ ದಿನ ಕೊಡುವುದರಿಂದ ಮರೆತುಹೋಗುವುದು ಸುಲಭ. ಅಸೈಕ್ಲೊವಿರ್ ಸರ್ಪಸುತ್ತಿನ ತಡೆಗೆ; ಮೈಲೋಮಕ್ಕೆ ಬೊರ್ಟೆಜೊಮಿಬ್ ಪಡೆಯುವವರು ಇದನ್ನು ತಪ್ಪಿಸಬಾರದು. ಸರ್ಪಸುತ್ತು ಬಂದ ಮೇಲೆ ಉರಿ ತಿಂಗಳುಗಟ್ಟಲೆ ಉಳಿಯುತ್ತದೆ, ಮನೆಯವರು ಮೊದಲು ಹುಡುಕುವುದು ನಾಗದೋಷದ ಪರಿಹಾರವನ್ನು. ಪ್ರಾರ್ಥನೆ ಅವರವರ ನಂಬಿಕೆ, ಆದರೆ ಗುಳ್ಳೆ ಕಂಡ ಮೂರು ದಿನಗಳೊಳಗೆ ಔಷಧ ಶುರುವಾಗಲೇಬೇಕು.

ರಿಟುಕ್ಸಿಮ್ಯಾಬ್ ಕೊಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಎಚ್‌ಬಿಎಸ್‌ಎಜಿ (ವೈರಸ್ ಈಗ ಇದೆಯೇ ಎಂದು ತೋರಿಸುವ ಪರೀಕ್ಷೆ) ಒಂದೇ ಸಾಲದು, ಹಿಂದೆ ಬಂದಿತ್ತೇ ಎಂದು ತೋರಿಸುವ ಕೋರ್ ಪ್ರತಿಕಾಯದ ಪರೀಕ್ಷೆಯೂ ಬೇಕು. ಹಿಂದೆಂದೋ ಬಂದು ಅಡಗಿ ಕುಳಿತ ವೈರಸ್ ಬಿ ಕಣಗಳು ಹೋದ ಮೇಲೆ ತಲೆಯೆತ್ತಿ ಯಕೃತ್ತನ್ನು ಹಾಳುಮಾಡಬಲ್ಲದು. ವೈರಸ್ಸಿನ ಗುರುತಿದ್ದರೆ ಎಂಟೆಕವಿರ್ ಅಥವಾ ಟೆನೊಫೊವಿರ್ ಕೊಡುತ್ತಾರೆ, ಕೊನೆಯ ರಿಟುಕ್ಸಿಮ್ಯಾಬ್ ಆದ ಮೇಲೂ ಕನಿಷ್ಠ ಒಂದು ವರ್ಷ ಅದು ಮುಂದುವರಿಯಬೇಕು. ಮನೆಯಲ್ಲಿ ಯಾರಿಗಾದರೂ ಕ್ಷಯ ಬಂದಿದ್ದರೆ ಹತ್ತಿಪ್ಪತ್ತು ವರ್ಷ ಹಿಂದಿನದಾದರೂ ವೈದ್ಯರಿಗೆ ಹೇಳಬೇಕು. ಮುಚ್ಚಿಡುವ ನಾಚಿಕೆ ಇಲ್ಲಿ ದುಬಾರಿ.

ನ್ಯೂಟ್ರೋಫಿಲ್ ಬೇಗ ಏಳಲೆಂದು ಹೊಟ್ಟೆಯ ಚರ್ಮದಡಿ ಕೊಡುವ ಫಿಲ್ಗ್ರಾಸ್ಟಿಮ್ ಚುಚ್ಚುಮದ್ದನ್ನು ಕೀಮೋ ಮುಗಿದು 24 ಗಂಟೆ ಕಳೆದ ಮೇಲೆಯೇ ಶುರುಮಾಡುತ್ತಾರೆ. ಅದನ್ನು ಫ್ರಿಜ್ಜಿನೊಳಗೆ ಇಡಬೇಕು, ಫ್ರೀಜರಿನಲ್ಲಿ ಇಡಬಾರದು. ಮಂಗಳೂರಿನಿಂದ ತರುವಾಗ ಐಸ್ ಪ್ಯಾಕ್ ಇರುವ ಚೀಲದಲ್ಲಿ ತನ್ನಿ. ಸೊಂಟ, ಬೆನ್ನಿನ ಎಲುಬು ನೋಯುವುದು ಇದರ ಸಾಮಾನ್ಯ ಪರಿಣಾಮ. ಪ್ರತಿಕಾಯ ಬಹಳ ಕಡಿಮೆಯಿದ್ದು ಸೋಂಕು ಮರುಮರಳಿ ಬರುವವರಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಇಮ್ಯುನೊಗ್ಲೋಬುಲಿನ್ ಡ್ರಿಪ್ ಹಾಕುವುದುಂಟು. ಬೆಲೆ ಬಹಳ, ಎಲ್ಲರಿಗೂ ಬೇಕಾಗುವಂಥದ್ದಲ್ಲ.

ಹೆಜ್ಜೆ 6: ಮನೆ, ಹಟ್ಟಿ, ತೋಟ

ನಮ್ಮ ಮನೆಗಳು ತೋಟದ ನಡುವೆ ಇವೆ, ಅಪಾಯವೂ ಹೆಚ್ಚಾಗಿ ಅಲ್ಲಿಯದೇ. ಆಸ್ಪರ್ಜಿಲ್ಲಸ್ ಎಂಬ ಬೂಷ್ಟಿನ ಬೀಜಕಣಗಳು ಕೊಳೆಯುತ್ತಿರುವ ತರಗೆಲೆ, ಬೈಹುಲ್ಲು, ಗೊಬ್ಬರದ ಗುಂಡಿ, ಮುಗ್ಗಲು ಹಿಡಿದ ಅಡಿಕೆ ಇವುಗಳಲ್ಲಿ ತುಂಬಿರುತ್ತವೆ. ಎಎನ್‌ಸಿ ತಳದಲ್ಲಿರುವಾಗ ಉಸಿರಿನೊಡನೆ ಒಳಹೋದರೆ ಶ್ವಾಸಕೋಶದಲ್ಲಿ ಬೇರೂರುತ್ತವೆ, ಚಿಕಿತ್ಸೆ ಕಷ್ಟ. ಆದ್ದರಿಂದ ಹಟ್ಟಿಗೆ ತರಗೆಲೆ ಹಾಕುವುದು, ಗೊಬ್ಬರ ತೆಗೆಯುವುದು, ಅಡಿಕೆ ಸುಲಿಯುವುದು, ಅಟ್ಟ ಗುಡಿಸುವುದು ಈ ಕೆಲಸಗಳಿಂದ ರೋಗಿ ದೂರವಿರಬೇಕು. ಹಳೆಯ ಮನೆಯ ಮಾಡು ಬಿಚ್ಚುವ, ಗೋಡೆ ಒಡೆಯುವ ಕೆಲಸವಿದ್ದರೆ ಕೀಮೋ ಮುಗಿಯುವವರೆಗೆ ಮುಂದೂಡಿ. ಸಾಧ್ಯವಿಲ್ಲದಿದ್ದರೆ ರೋಗಿ ಬೇರೆಡೆ ಇರಲಿ. ಎನ್ 95 ಮುಖಗವಸು ದೂಳಿನ ಬಳಿ ಹಾದುಹೋಗುವಾಗ ಉಪಯೋಗಕ್ಕೆ ಬರುತ್ತದೆ, ದೂಳಿನಲ್ಲಿ ಕುಳಿತು ಕೆಲಸ ಮಾಡಲು ಅದು ಪರವಾನಗಿಯಲ್ಲ.

ಮಳೆಗಾಲದ ಕೆಸರಿನಲ್ಲಿ, ಗದ್ದೆಯಲ್ಲಿ, ತೋಡಿನಲ್ಲಿ ಬರಿಗಾಲಲ್ಲಿ ನಡೆಯಬಾರದು. ಇಲಿಜ್ವರದ ಭಯ ಎಲ್ಲರಿಗೂ ಗೊತ್ತು. ಮಣ್ಣು ನೀರುಗಳಿಂದಲೇ ಬರುವ ಮೆಲಿಯೊಯ್ಡೋಸಿಸ್ ಎಂಬ ಸೋಂಕು ಕರಾವಳಿಯಲ್ಲಿದೆ, ಸಕ್ಕರೆ ಕಾಯಿಲೆಯೂ ಇರುವ ರೋಗಿಗೆ ಅದು ತುಂಬ ಅಪಾಯಕಾರಿ. ಅಂಗಳದಲ್ಲಿ ಚಪ್ಪಲಿ ಹಾಕಿಕೊಂಡು ಸಂಜೆ ಅಡ್ಡಾಡುವುದಕ್ಕೆ ಯಾವ ತಡೆಯೂ ಇಲ್ಲ, ಅಡ್ಡಾಡಲೇಬೇಕು. ಮಲಗಿಯೇ ಇರುವವರಿಗೆ ಕಫ ಕಟ್ಟುತ್ತದೆ.

ಜಾತ್ರೆ, ಕೋಲ, ಬಯಲಾಟ, ಮದುವೆಯೂಟದ ಸಾಲು ಇವೆಲ್ಲ ಕೆಂಪು ಗೆರೆಯ ದಿನಗಳಲ್ಲಿ ಬೇಡ. ಕಾಯಿಲೆಯವರನ್ನು ನೋಡಲು ಬರುವ ನೆಂಟರಿಗೆ ಬೇಡವೆನ್ನುವುದು ಹೇಗೆಂಬುದು ನಮ್ಮಲ್ಲಿ ನಿಜವಾದ ಸಮಸ್ಯೆ. ರೋಗಿಯ ಬಾಯಿಂದ ಹೇಳಿಸಬೇಡಿ. ಮನೆಯ ಹಿರಿಯರೊಬ್ಬರು ‘ಡಾಕ್ಟರು ಹದಿನೈದು ದಿನ ಯಾರೂ ಹತ್ತಿರ ಹೋಗಬಾರದೆಂದಿದ್ದಾರೆ’ ಎಂದು ಜಗಲಿಯಲ್ಲೇ ಹೇಳಿ ಬೆಲ್ಲ ನೀರು ಕೊಟ್ಟು ಕಳುಹಿಸಲಿ. ಶೀತ, ಕೆಮ್ಮು ಇರುವ ಮನೆಯವರು ಬೇರೆ ಕೋಣೆಯಲ್ಲಿ ಮಲಗಬೇಕು. ಇಷ್ಟೆಲ್ಲ ನಿಯಮಗಳಲ್ಲಿ ಅತಿ ಹೆಚ್ಚು ಫಲ ಕೊಡುವುದು ಸೋಪಿನಿಂದ ಕೈ ತೊಳೆಯುವುದು, ರೋಗಿಯದಲ್ಲ, ರೋಗಿಯನ್ನು ಮುಟ್ಟುವವರದು.

ಹೆಜ್ಜೆ 7: ಊಟ ಮತ್ತು ನೀರು

ಹಸಿಯದೆಲ್ಲ ನಿಷಿದ್ಧ ಎಂಬ ಕಟ್ಟುಪಥ್ಯದಿಂದ ಸೋಂಕು ಕಡಿಮೆಯಾಗುತ್ತದೆಂದು ಅಧ್ಯಯನಗಳಲ್ಲಿ ಸಿದ್ಧವಾಗಿಲ್ಲ. ಶುಚಿಯಾಗಿ ತಯಾರಿಸಿದ ಊಟವೇ ಮುಖ್ಯ. ಬಾವಿ ಮತ್ತು ಗುಡ್ಡ ಕೊರೆದು ತೆಗೆದ ಸುರಂಗದ ನೀರು ಎಷ್ಟೇ ತಿಳಿಯಾಗಿ ಕಂಡರೂ ಒಂದು ನಿಮಿಷ ಕೊತಕೊತ ಕುದಿಸಿ ಆರಿಸಿ ಕುಡಿಯಬೇಕು. ಕರೆದ ಹಾಲನ್ನು ಉಕ್ಕುವವರೆಗೆ ಕಾಯಿಸಬೇಕು. ಬಾಳೆಹಣ್ಣು, ಕಿತ್ತಳೆಯಂಥ ಸಿಪ್ಪೆ ಸುಲಿಯುವ ಹಣ್ಣು ತೊಳೆದು ತಿನ್ನಬಹುದು. ಮೊಳಕೆ ಕಾಳನ್ನು ಬೇಯಿಸಿಯೇ, ಮೊಟ್ಟೆಯನ್ನು ಗಟ್ಟಿಯಾಗುವವರೆಗೆ ಬೇಯಿಸಿಯೇ ತಿನ್ನಬೇಕು. ಕಾಯಿಚಟ್ನಿ ಅರೆದ ಹೊತ್ತಿನದಾಗಿರಲಿ; ಬೆಳಗಿನದು ಸಂಜೆಗೆ ಬೇಡ. ದೇವಸ್ಥಾನದ ತೀರ್ಥವನ್ನು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು, ಪಂಚಾಮೃತ ಬೇಡ. ಅರ್ಚಕರಿಗೆ ಹೇಳಿದರೆ ಅವರೇ ಅರ್ಥಮಾಡಿಕೊಳ್ಳುತ್ತಾರೆ.

ಊರಿನ ಹಿತ್ತಿಲಲ್ಲಿ ಸಿಗುವ ಚಕ್ಕೋತದ ಬಗ್ಗೆ ಮಾತ್ರ ಪ್ರತ್ಯೇಕ ಎಚ್ಚರಿಕೆ. ಅದರಲ್ಲಿರುವ ಅಂಶ ಕರುಳು, ಯಕೃತ್ತುಗಳಲ್ಲಿ ಔಷಧ ಒಡೆದು ಹೊರಹೋಗುವಂತಾಗುವುದನ್ನು ತಡೆಯುತ್ತದೆ. ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್, ಇಬ್ರುಟಿನಿಬ್, ವೆನೆಟೊಕ್ಲಾಕ್ಸ್ ತೆಗೆದುಕೊಳ್ಳುವವರು ಅದನ್ನು ತಿಂದರೆ ರಕ್ತದಲ್ಲಿ ಔಷಧದ ಮಟ್ಟ ಏರಿ ವಿಷವಾಗಬಹುದು.

ಹೆಜ್ಜೆ 8: ‘ಶಕ್ತಿ ಬರುವ’ ಮದ್ದುಗಳು

ಇಮ್ಯುನಿಟಿ ಕಡಿಮೆ ಎಂದು ಕೇಳಿದ ಕೂಡಲೇ ಅದನ್ನು ಹೆಚ್ಚಿಸುವ ಕಷಾಯ, ಲೇಹ್ಯ, ಪುಡಿಗಳು ಮನೆಗೆ ಬರುತ್ತವೆ. ಪ್ರೀತಿಯಿಂದಲೇ ಬರುತ್ತವೆ. ಆದರೆ ಮಜ್ಜೆಯಲ್ಲಿ ನ್ಯೂಟ್ರೋಫಿಲ್ ಹುಟ್ಟದಿರುವಾಗ ಯಾವ ಕಷಾಯವೂ ಅದನ್ನು ಹುಟ್ಟಿಸಲಾರದು. ಕಸಿಯಾದವರಲ್ಲಿ ವೈದ್ಯರು ಬೇಕೆಂದೇ ತಗ್ಗಿಸಿರುವ ಪ್ರತಿಕ್ರಿಯೆಯನ್ನು ಕೆರಳಿಸಿದರೆ ಹಾನಿಯೇ ಹೆಚ್ಚು. ಅಮೃತಬಳ್ಳಿ ಮತ್ತು ಅಶ್ವಗಂಧದಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ನಮ್ಮ ದೇಶದಲ್ಲಿಯೇ ವರದಿಯಾಗಿವೆ. ಕೀಮೋ ನಡುವೆ ಯಕೃತ್ತಿನ ಎಂಜೈಮುಗಳು ಏರಿದರೆ ಮುಂದಿನ ಸುತ್ತನ್ನೇ ಮುಂದೂಡಬೇಕಾಗುತ್ತದೆ, ಕಾರಣ ಔಷಧವೋ ಕಷಾಯವೋ ಎಂದು ವೈದ್ಯರಿಗೆ ತಿಳಿಯುವುದಿಲ್ಲ. ಜೀರಿಗೆ ಕಷಾಯ, ಸಾರಿನ ಅರಸಿನ, ಶುಂಠಿ ಇವು ಅಡುಗೆಯ ಅಳತೆಯಲ್ಲಿದ್ದರೆ ತಕರಾರಿಲ್ಲ. ಬೊರ್ಟೆಜೊಮಿಬ್ ಪಡೆಯುವವರು ಗ್ರೀನ್ ಟೀ ಬಿಡಬೇಕು.

ಮೆಡಿಕಲ್ ಶಾಪಿನಿಂದ ತಾವಾಗಿ ತರುವ ಮಾತ್ರೆಗಳಿಗೂ ಇದೇ ಮಾತು. ಚರ್ಮದ ತುರಿಕೆಗೆಂದು ನುಂಗುವ ಇಟ್ರಾಕೊನಜೋಲ್ ವಿನ್‌ಕ್ರಿಸ್ಟಿನ್ನಿನ ಜೊತೆ ಸೇರಿದರೆ ನರಗಳಿಗೆ ಹಾನಿ. ಯೂರಿಕ್ ಆಸಿಡಿನ ಅಲೊಪ್ಯೂರಿನಾಲ್ ಮರ್ಕ್ಯಾಪ್ಟೊಪ್ಯೂರಿನ್ನಿನ ಜೊತೆ ಸೇರಿದರೆ ಎಣಿಕೆ ಪಾತಾಳಕ್ಕಿಳಿಯುತ್ತದೆ.

ಹೆಜ್ಜೆ 9: ಲಸಿಕೆಗಳು

ಜೀವಂತ ರೋಗಾಣುವಿನಿಂದ ಮಾಡಿದ ಲಸಿಕೆಗಳು ಚಿಕಿತ್ಸೆಯ ಕಾಲದಲ್ಲಿ ಬೇಡ: ದಡಾರ-ಮಂಗನಬಾವು-ರುಬೆಲ್ಲ, ಸೀತಾಳೆಸಿಡುಬು, ಬಿಸಿಜಿ, ಬಾಯಿಯ ಪೋಲಿಯೋ ಹನಿ. ಶಾಲೆಯಲ್ಲೋ ಅಂಗನವಾಡಿಯಲ್ಲೋ ಲಸಿಕೆ ಹಾಕುವ ದಿನ ಲ್ಯುಕೇಮಿಯದ ಮಗುವಿಗೆ ತಪ್ಪಿ ಹಾಕಿಸದಂತೆ ಟೀಚರಿಗೂ ಆಶಾ ಕಾರ್ಯಕರ್ತೆಗೂ ಮೊದಲೇ ತಿಳಿಸಿ. ಇನ್‌ಫ್ಲುಯೆಂಜ, ನ್ಯುಮೊಕಾಕಲ್ ಮುಂತಾದ ಜೀವವಿಲ್ಲದ ಲಸಿಕೆಗಳನ್ನು ಹಾಕಿಸಬಹುದು, ಹಾಕಿಸಬೇಕು. ಸಾಧ್ಯವಾದರೆ ಚಿಕಿತ್ಸೆ ಶುರುವಾಗುವ ಎರಡು ವಾರ ಮೊದಲು. ರಿಟುಕ್ಸಿಮ್ಯಾಬ್ ಆದ 6 ತಿಂಗಳವರೆಗೆ ಲಸಿಕೆ ಹಾಕಿಸಿದರೂ ಪ್ರತಿಕಾಯ ಸರಿಯಾಗಿ ಹುಟ್ಟುವುದಿಲ್ಲ. ಹಾಗಾಗಿ ಮನೆಯ ಉಳಿದವರೆಲ್ಲ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳುವುದೇ ರೋಗಿಗೆ ದೊಡ್ಡ ರಕ್ಷಣೆ. ಮನೆಯಲ್ಲಿ ಹಸುಗೂಸಿದ್ದರೆ ಪೋಲಿಯೋ ಹನಿಯ ಬದಲು ಚುಚ್ಚುಮದ್ದು ಸಾಧ್ಯವೇ ಎಂದು ಕೇಳಿ. ಪೋಲಿಯೋ ಅಥವಾ ರೋಟಾ ಹನಿ ಕುಡಿದ ಕೂಸಿನ ಬಟ್ಟೆಯನ್ನು ರೋಗಿ ಕೆಲವು ವಾರ ಬದಲಾಯಿಸಬಾರದು, ಲಸಿಕೆಯ ವೈರಸ್ ಮಲದಲ್ಲಿ ಹೊರಬರುತ್ತಿರುತ್ತದೆ.

ಹೆಜ್ಜೆ 10: ಎಲ್ಲಿಯವರೆಗೆ?

ಕೀಮೋ ಮುಗಿದು ಒಂದೆರಡು ತಿಂಗಳಲ್ಲಿ ನ್ಯೂಟ್ರೋಫಿಲ್‌ಗಳು ಸಾಮಾನ್ಯವಾಗಿ ಸ್ಥಿರವಾಗುತ್ತವೆ, ಆಗ ಜ್ವರದ ಭಯ ಬಹಳಷ್ಟು ತಗ್ಗುತ್ತದೆ. ಬಿ ಮತ್ತು ಟಿ ಕಣಗಳಿಗೆ ತಿಂಗಳುಗಳು, ಕೆಲವರಿಗೆ ವರ್ಷಗಳು ಬೇಕು. ತನ್ನದೇ ಮೂಲಕಣಗಳ ಕಸಿಯಾದವರಿಗಿಂತ ದಾನಿಯಿಂದ ಪಡೆದವರಿಗೆ ಹೆಚ್ಚು ಕಾಲ ಹಿಡಿಯುತ್ತದೆ. ಇಬ್ಬರಿಗೂ ಬಾಲ್ಯದ ಲಸಿಕೆಗಳನ್ನು ಹೊಸದಾಗಿ ಶುರುಮಾಡಬೇಕು, ಜೀವಂತ ಲಸಿಕೆಗಳನ್ನು ಕಸಿಯಾಗಿ ಎರಡು ವರ್ಷ ಕಳೆದು, ರೋಗನಿರೋಧಕ ಕುಗ್ಗಿಸುವ ಮಾತ್ರೆಗಳೆಲ್ಲ ನಿಂತ ಮೇಲೆಯೇ ಕೊಡುತ್ತಾರೆ. ರೋಗಿಯದೇ ಟಿ ಕಣಗಳನ್ನು ಕ್ಯಾನ್ಸರನ್ನು ಹೊಡೆಯುವಂತೆ ಮಾರ್ಪಡಿಸಿ ಮರಳಿ ಕೊಡುವ ಕ್ಯಾರ್-ಟಿ ಚಿಕಿತ್ಸೆ 2023ರಿಂದ ಭಾರತದಲ್ಲಿಯೇ ತಯಾರಾಗಿ ದೊರೆಯುತ್ತಿದೆ. ಅದನ್ನು ಪಡೆದವರಲ್ಲಿ ಬಿ ಕಣಗಳು ದೀರ್ಘಕಾಲ ಇಲ್ಲದೆ ಇರುವುದರಿಂದ ಊರಿಗೆ ಮರಳಿದ ಮೇಲೂ ಪ್ರತಿಕಾಯಗಳ ಮಟ್ಟವನ್ನು ಪರೀಕ್ಷಿಸಿಕೊಳ್ಳುತ್ತಿರಬೇಕು. ಫ್ಲುಡರಾಬಿನ್ ಪಡೆದವರಿಗೆ, ಹಾಡ್ಜ್‌ಕಿನ್ ಲಿಂಫೋಮ ಇದ್ದವರಿಗೆ, ಕಸಿಯಾದವರಿಗೆ ರಕ್ತ ಕೊಡುವಾಗ ವಿಕಿರಣಕ್ಕೊಳಪಡಿಸಿದ ರಕ್ತವೇ ಬೇಕು ಎಂಬ ಸಾಲನ್ನೂ ಹೆಜ್ಜೆ 4ರ ಹಾಳೆಯಲ್ಲಿ ಬರೆದಿಡಿ, ಅಳಿಸಬೇಡಿ. ಹತ್ತು ವರ್ಷದ ನಂತರ ಬೇರೆ ಯಾವುದೋ ಶಸ್ತ್ರಚಿಕಿತ್ಸೆಗೆ ಹೋದಾಗಲೂ ಅದು ಬೇಕಾಗಬಹುದು.

ತೋಟಕ್ಕೆ ಮರಳುವ ದಿನವನ್ನು ಕ್ಯಾಲೆಂಡರಿನಿಂದಲ್ಲ, ವರದಿಯಿಂದ ನಿರ್ಧರಿಸಿ. ಎಎನ್‌ಸಿ ಸತತವಾಗಿ 1500ರ ಮೇಲಿದ್ದು, ಸ್ಟೀರಾಯ್ಡ್ ನಿಂತು, ಮುಂಜಾಗ್ರತೆಯ ಮಾತ್ರೆಗಳನ್ನು ವೈದ್ಯರೇ ಒಂದೊಂದಾಗಿ ನಿಲ್ಲಿಸಿದ ಮೇಲೆ ಗಂಬೂಟು, ಕೈಗವಸು ಹಾಕಿ ಸಣ್ಣ ಕೆಲಸಗಳಿಂದ ಆರಂಭಿಸಬಹುದು. ಹಟ್ಟಿಯ ಗೊಬ್ಬರ ಮತ್ತು ಮುಗ್ಗಿದ ಅಡಿಕೆ ಕೊನೆಗೆ.